ಚಳಿಗಾಲದಲ್ಲಿ ವೇಡರ್ ಹಕ್ಕಿಗಳ ಫೋಟೋ: ಮೊದಲು ನೀರು ನೋಡಿ, ಆಮೇಲೆ ಹಕ್ಕಿ

ಕೆರೆಗೆ ಹೋದ ತಕ್ಷಣ ಹಕ್ಕಿ ಹುಡುಕಬೇಡಿ. ನೀರು ನೋಡಿ. ಎಲ್ಲಿ ಪಾದ ಮುಳುಗುವಷ್ಟಿದೆ, ಎಲ್ಲಿ ಕೆಸರು ಇನ್ನೂ ಹಸಿಯಾಗಿ ಹೊಳೆಯುತ್ತಿದೆ, ಎಲ್ಲಿ ಒಣಗಿ ಬಿರುಕು ಬಿಟ್ಟಿದೆ, ಇದನ್ನು ಐದು ನಿಮಿಷ ನಿಂತು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ವೇಡರ್ ಅಂದರೆ ನೀರಲ್ಲಿ ನಡೆದು ಮೇಯುವ ಹಕ್ಕಿಗಳು. ಸ್ಯಾಂಡ್‌ಪೈಪರ್, ಪ್ಲವರ್, ಸ್ಟಿಂಟ್, ಗಾಡ್‌ವಿಟ್, ನಮ್ಮ ಮೆಟ್ಟುಗಾಲು ಹಕ್ಕಿ (ಸ್ಟಿಲ್ಟ್). ಕೊಕ್ಕರೆ, ಬೆಳ್ಳಕ್ಕಿ, ಕೆಂಬರಲು (ಐಬಿಸ್) ಹಕ್ಕಿಗಳನ್ನೂ ಇಲ್ಲಿ ಸೇರಿಸಿಕೊಂಡೇ ಹೇಳುತ್ತೇನೆ, ಯಾಕೆಂದರೆ ಫೋಟೋ ತೆಗೆಯುವ ರೀತಿ ಹೆಚ್ಚುಕಡಿಮೆ ಒಂದೇ.

ಇವುಗಳಿಗೆ ಆಳದ ನೀರು ಬೇಡ. ಕಾಲು ಎಷ್ಟು ಉದ್ದವೋ ಅಷ್ಟು ನೀರಿಗೆ ಇಳಿಯುತ್ತವೆ, ಅಷ್ಟೇ. ಪುಟ್ಟ ಸ್ಟಿಂಟ್ ನೀರಿನ ಅಂಚಿನ ಹಸಿ ಕೆಸರಲ್ಲೇ ಓಡಾಡುತ್ತದೆ. ಪ್ಲವರ್ ಇನ್ನೂ ಸ್ವಲ್ಪ ಮೇಲೆ, ಒಣಗುತ್ತಿರುವ ಮಣ್ಣಲ್ಲಿ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಮೆಟ್ಟುಗಾಲು ಹಕ್ಕಿ ಮತ್ತು ಗಾಡ್‌ವಿಟ್ ಹೊಟ್ಟೆ ತಾಗುವವರೆಗೂ ಇಳಿಯುತ್ತವೆ. ಅಂದರೆ ನೀವು ಎಲ್ಲಿ ಕೂರಬೇಕು ಅನ್ನುವುದನ್ನು ಹಕ್ಕಿಯ ಕಾಲೇ ಹೇಳುತ್ತದೆ. ಆ ಜಾಗ ಗುರುತಿಸಿ, ಹಕ್ಕಿ ಬರುವ ಮೊದಲೇ ಅಲ್ಲಿ ಹೋಗಿ ಕೂತುಬಿಡಬೇಕು. ಹಕ್ಕಿ ಹಿಂದೆ ನಡೆದು ತೆಗೆದ ಫೋಟೋದಲ್ಲಿ ಹಕ್ಕಿಯ ಬೆನ್ನು ಸಿಗುತ್ತದೆ. ಕಾದು ಕೂತವರಿಗೆ ಮುಖ ಸಿಗುತ್ತದೆ.

ಏರಿ ಮೇಲೆ ನಿಲ್ಲಬೇಡಿ

ನಮ್ಮ ಬಯಲುಸೀಮೆಯ ಕೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಟ್ಟಿದವು. ತಗ್ಗಿನ ಕಡೆ ಏರಿ, ಏರಿಯಲ್ಲಿ ತೂಬು, ಪಕ್ಕದಲ್ಲೆಲ್ಲೋ ಕೋಡಿ. ನೀರು ಆಳ ಇರುವುದು ಏರಿ ಹತ್ತಿರವೇ. ರಸ್ತೆ ಇರುವುದೂ ಅಲ್ಲೇ, ಹಾಗಾಗಿ ಎಲ್ಲರೂ ಕಾರು ನಿಲ್ಲಿಸುವುದೂ ಅಲ್ಲೇ. ಅಲ್ಲಿ ನಿಮಗೆ ಬಾತು, ನೀರುಕಾಗೆ, ಪೆಲಿಕನ್ ಸಿಗುತ್ತವೆ. ವೇಡರ್‌ಗಳು ಸಿಗುವುದು ಎದುರು ತುದಿಯಲ್ಲಿ, ಹಳ್ಳ ಬಂದು ಸೇರುವ ಕಡೆ, ಕೆರೆ ಅಂಗಳ ನಿಧಾನವಾಗಿ ಹೊಲದ ಕಡೆ ಏರುವ ಜಾಗದಲ್ಲಿ. ಅಲ್ಲಿ ನೀರು ಒಂದು ಗೇಣು ಇಳಿದರೆ ಎಷ್ಟೋ ಮೀಟರ್ ಕೆಸರು ಹೊಸದಾಗಿ ಬಯಲಾಗುತ್ತದೆ, ಅದರೊಳಗಿನ ಹುಳ, ಶಂಖದ ಹುಳು, ಕೀಟದ ಮರಿಗಳೆಲ್ಲ ಹಕ್ಕಿಗೆ ಸಿಗುತ್ತವೆ. ಮನೆಯಲ್ಲೇ ಕೂತು ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರ ತೆಗೆದರೆ ಏರಿಯ ನೇರ ಗೆರೆ ಒಂದು ಕಡೆ, ಅಂಕುಡೊಂಕಾದ ಬಾಲ ಇನ್ನೊಂದು ಕಡೆ ಸ್ಪಷ್ಟವಾಗಿ ಕಾಣುತ್ತದೆ. ಆ ಬಾಲಕ್ಕೆ ಹೋಗುವ ದಾರಿ ಹುಡುಕಿ. ಸಾಮಾನ್ಯವಾಗಿ ಅದು ಯಾರದಾದರೂ ಹೊಲದ ಬದು ಆಗಿರುತ್ತದೆ, ಒಂದು ಮಾತು ಕೇಳಿಕೊಂಡೇ ಹೋಗಿ.

ಕಾಲದ ಬಗ್ಗೆಯೂ ಒಂದು ಮಾತು. ವಲಸೆ ಹಕ್ಕಿಗಳು ಆಗಸ್ಟ್, ಸೆಪ್ಟೆಂಬರ್‌ನಿಂದಲೇ ಬರಲು ಶುರು ಮಾಡುತ್ತವೆ. ಆದರೆ ಹಿಂಗಾರು ಚೆನ್ನಾಗಿ ಬಿದ್ದ ವರ್ಷ ನವೆಂಬರ್‌ನಲ್ಲಿ ಕೆರೆ ತುಂಬಿ ತುಳುಕುತ್ತಿರುತ್ತದೆ, ಅಂಚೇ ಇರುವುದಿಲ್ಲ. ಆಗ ವೇಡರ್‌ಗಳು ಗದ್ದೆಗಳಲ್ಲಿ, ಸಣ್ಣ ಕುಂಟೆಗಳಲ್ಲಿ ಹಂಚಿಹೋಗಿರುತ್ತವೆ. ತೂಬು ಎತ್ತಿ ನೀರು ಬಿಟ್ಟು, ಕೆರೆ ಇಳಿಯತೊಡಗಿದ ಮೇಲೆ, ಅಂದರೆ ಜನವರಿ, ಫೆಬ್ರವರಿ ಹೊತ್ತಿಗೆ ಒಂದೇ ಕಡೆ ಸೇರುತ್ತವೆ. ಫೆಬ್ರವರಿಗೆ ಸೀಸನ್ ಮುಗಿಯಿತು ಅಂತ ಕ್ಯಾಮೆರಾ ಒಳಗಿಡಬೇಡಿ. ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಉಳಿದಿರುವ ಗಾಡ್‌ವಿಟ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ಹೊರಡುವ ಮೊದಲು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ಚಳಿಗಾಲ ಪೂರ್ತಿ ಬೂದು ಬಣ್ಣದಲ್ಲಿದ್ದ ಹಕ್ಕಿ ಇದೇನಾ ಅನ್ನಿಸುತ್ತದೆ.

ಬಿಸಿಲು ಬೆನ್ನಿಗೆ, ಗಾಳಿಯೂ ಬೆನ್ನಿಗೆ

ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಸಾಕಷ್ಟು ಆಗ್ನೇಯಕ್ಕೆ ಸರಿದಿರುತ್ತಾನೆ. ಹಾಗಾಗಿ ಬೆಳಗ್ಗೆ ನೀರಿನ ಪೂರ್ವ ಅಥವಾ ಆಗ್ನೇಯ ದಡದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕೂರಬೇಕು. ಇದು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಗಮನಿಸದೇ ಇರುವುದು ಗಾಳಿಯನ್ನು. ಹಕ್ಕಿಗಳು ಇಳಿಯುವಾಗಲೂ ಏಳುವಾಗಲೂ ಗಾಳಿಗೆ ಎದುರಾಗಿರುತ್ತವೆ. ಚಳಿಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಪೂರ್ವ, ಈಶಾನ್ಯದ ಗಾಳಿ. ಅಂದರೆ ಪೂರ್ವ ದಡದಲ್ಲಿ ಕೂತವರಿಗೆ ಬಿಸಿಲೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಇಳಿಯುವ ಹಕ್ಕಿ ನಿಮ್ಮ ಕಡೆ ಮುಖ ಮಾಡಿ, ರೆಕ್ಕೆ ಅಗಲಿಸಿ, ಕಾಲು ಚಾಚಿ, ಮೈಮೇಲೆ ಪೂರ್ತಿ ಬೆಳಕು ಬಿದ್ದ ಹಾಗೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಇಷ್ಟು ಅನುಕೂಲ ಮಾಡಿಕೊಡುವಾಗ ತಪ್ಪು ದಡದಲ್ಲಿ ಕೂರುವುದು ಬೇಡ. ನಿಮ್ಮ ಕೆರೆಯ ಬಾಲ ಪಶ್ಚಿಮಕ್ಕಿದ್ದರೆ ಬೆಳಗ್ಗೆ ಅಲ್ಲಿಗೆ ಹೋಗಬೇಡಿ, ಸಂಜೆ ನಾಲ್ಕರ ಮೇಲೆ ಹೋಗಿ.

ಬೆಳಗಿನ ಹೊತ್ತಲ್ಲಿ ನಿಮಗಿರುವುದು ಎರಡೂವರೆ ಗಂಟೆ. ಒಂಬತ್ತೂವರೆ ಆಗುತ್ತಿದ್ದಂತೆ ಬಿಸಿಲಿಗೆ ಕೆಸರು ಕಾಯುತ್ತದೆ, ಮೇಲಿನ ಗಾಳಿ ಕುಣಿಯಲು ಶುರುವಾಗುತ್ತದೆ. ದೂರದ ಹಕ್ಕಿ ಫೋಟೋದಲ್ಲಿ ಮೆತ್ತಗೆ, ಕದಡಿದ ಹಾಗೆ ಬರುತ್ತದೆ. ಆಗ ಲೆನ್ಸ್ ಸರಿ ಇಲ್ಲ, ಫೋಕಸ್ ಸರಿ ಇಲ್ಲ ಅಂತ ಸರ್ವಿಸ್ ಸೆಂಟರ್‌ಗೆ ಓಡುವವರಿದ್ದಾರೆ. ಲೆನ್ಸ್ ಸರಿಯಾಗೇ ಇರುತ್ತದೆ. ಬಿಸಿ ಗಾಳಿಯ ಮುಂದೆ ಎಷ್ಟು ದುಬಾರಿ ಲೆನ್ಸ್ ಆದರೂ ಏನೂ ಮಾಡಲಾಗದು. ಹಕ್ಕಿ ಹತ್ತಿರ ಬಂದರೆ ತೆಗೆಯಿರಿ, ದೂರದ್ದು ಬಿಡಿ.

ಮಲಗಿ ತೆಗೆಯಿರಿ

ನಿಂತು ತೆಗೆದ ಫೋಟೋಗೂ ಮಲಗಿ ತೆಗೆದ ಫೋಟೋಗೂ ಇರುವ ವ್ಯತ್ಯಾಸ ಒಂದು ಸಲ ನೋಡಿದವರು ಮತ್ತೆ ನಿಲ್ಲುವುದಿಲ್ಲ. ಮೇಲಿಂದ ನೋಡಿದರೆ ಹಕ್ಕಿಯ ಹಿಂದೆ ಬರೀ ಕೆಸರು, ಕಸ, ಪ್ಲಾಸ್ಟಿಕ್. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನದೆಲ್ಲ ದೂರಕ್ಕೆ ಹೋಗಿ ಕರಗುತ್ತದೆ. ಮುಂದಿನ ಕೆಸರೂ ಮಸುಕಾಗುತ್ತದೆ. ನಡುವೆ ಹಕ್ಕಿ ಮಾತ್ರ ಚೂಪಾಗಿ ನಿಲ್ಲುತ್ತದೆ. ಸ್ಟಿಂಟ್ ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟೇ ತೂಕದ ಹಕ್ಕಿ. ಅದರ ಮಟ್ಟಕ್ಕೆ ಇಳಿಯಬೇಕು ಅಂದರೆ ಲೆನ್ಸ್ ನೆಲದಿಂದ ಒಂದು ಗೇಣು ಮೇಲೆ ಇರಬೇಕು, ಅಷ್ಟೇ.

ಇದಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡೂ ತುದಿ ಹೊಲಿಸಿ, ಒಳಗೆ ಮುಕ್ಕಾಲು ಭಾಗ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿ. ಪೂರ್ತಿ ತುಂಬಬೇಡಿ, ಲೆನ್ಸ್ ಒಳಗೆ ಕೂರಬೇಕು. ಕೆಳಗೆ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟರೆ ಚೀಲ ಒದ್ದೆಯಾಗುವುದಿಲ್ಲ, ಬೇಕಾದಾಗ ಕೆಸರ ಮೇಲೆ ತಳ್ಳಿಕೊಂಡು ಹೋಗಬಹುದು. ಮೈ ಕೆಳಗೆ ಟಾರ್ಪಾಲ್ ತುಂಡು ಸಾಕು. ಮಲಗುವ ಮೊದಲು ನೆಲವನ್ನು ಕೈಗವಸು ಹಾಕಿಕೊಂಡು ಒಂದು ಸಲ ಸವರಿ. ಊರ ಹತ್ತಿರದ ಕೆರೆಗಳಲ್ಲಿ ಒಡೆದ ಬಾಟಲಿ ಚೂರು ತುಂಬಾ ಇರುತ್ತವೆ. ಕಾಲಲ್ಲಿ ಗಾಯ ಇದ್ದರೆ ಬರಿಗಾಲಲ್ಲಿ ಕೆಸರಿಗೆ ಇಳಿಯಲೇಬೇಡಿ, ಇಲಿ ಜ್ವರ ಬರುವುದು ಹೀಗೇ. ಮೊಣಕಾಲವರೆಗಿನ ಗಂಬೂಟು ಹಾಕಿ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಸೇನೆಯವರ ಹಾಗೆ ಕಾಣುವ ಕ್ಯಾಮೊಫ್ಲಾಜ್ ಬಟ್ಟೆ ಕಡ್ಡಾಯವೇನಲ್ಲ. ಕುರಿ ಕಾಯುವವರ ಕಪ್ಪು ಕಂಬಳಿ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹೊದ್ದುಕೊಂಡರೆ ಚಳಿಯೂ ಇಲ್ಲ, ಮೈ ಆಕಾರವೂ ಕಾಣುವುದಿಲ್ಲ. ಹಕ್ಕಿಗಳಿಗೆ ಮುಖ್ಯ ಬಣ್ಣಕ್ಕಿಂತ ಚಲನೆ. ತಲೆ ಎತ್ತಿ ಇಳಿಸುವುದು, ಕೈ ಬೀಸಿ ಗೆಳೆಯರನ್ನು ಕರೆಯುವುದು, ಲೆನ್ಸ್ ಹುಡ್ ಥಟ್ಟನೆ ತಿರುಗಿಸುವುದು, ಇವೆಲ್ಲ ಎಚ್ಚರಿಕೆಯ ಗಂಟೆ.

ಕೆರೆಗೆ ಬೆಳಕು ಹರಿಯುವ ಮೊದಲೇ ಹೋಗಿ ಮಲಗಿದರೆ ಹಕ್ಕಿಗಳು ನಿಮ್ಮನ್ನು ಆ ಜಾಗದ ಒಂದು ಭಾಗ ಅಂತಲೇ ಒಪ್ಪಿಕೊಳ್ಳುತ್ತವೆ. ತಡವಾಗಿ ಹೋದರೆ ನೇರ ನಡೆಯಬೇಡಿ. ಅಡ್ಡಡ್ಡವಾಗಿ, ಎಲ್ಲೋ ಬೇರೆ ಕಡೆ ಹೋಗುವವರ ಹಾಗೆ ನಿಧಾನ ನಡೆದು, ಮಧ್ಯೆ ಮಧ್ಯೆ ಕೂತು, ಮತ್ತೆ ಸ್ವಲ್ಪ ಸರಿದು ಹೋಗಬೇಕು. ಎಮ್ಮೆ ಮೇಯಿಸುವವರು, ಬಲೆ ಹಾಕುವವರು ಹಕ್ಕಿಗಳಿಗೆ ದಿನಾ ಕಾಣುವವರು. ಅವರು ಓಡಾಡುವ ದಾರಿ ಪಕ್ಕದಲ್ಲೇ ಕೂತರೆ ಹಕ್ಕಿಗೆ ಅಷ್ಟು ಭಯ ಇರುವುದಿಲ್ಲ. ಅವರ ಹತ್ತಿರ ಎರಡು ಮಾತಾಡಿ. ಯಾವ ಮೂಲೆಯಲ್ಲಿ ನೀರು ಇಳಿದಿದೆ, ಎಲ್ಲಿ ಹೂಳು ಆಳ ಇದೆ ಅಂತ ಯಾವ ಆ್ಯಪ್ ಕೂಡ ಅವರಷ್ಟು ಸರಿಯಾಗಿ ಹೇಳುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗ್

ಯಾವ ಲೆನ್ಸ್ ಅಂತ ಎಲ್ಲರೂ ಮೊದಲು ಕೇಳುತ್ತಾರೆ. 150-600 ಅಥವಾ 200-600 ಎಂಎಂ ಜೂಮ್ ಇದ್ದರೆ ತುಂಬಾ ಆಯಿತು. 100-400 ಇದ್ದರೆ ಇನ್ನಷ್ಟು ಕಾಯಬೇಕು. ನಿಕಾನ್ ಪಿ950 ತರಹದ ಬ್ರಿಡ್ಜ್ ಕ್ಯಾಮೆರಾದಲ್ಲೂ ಬೆಳಗಿನ ಬೆಳಕಲ್ಲಿ ನಿಂತ ಹಕ್ಕಿಯ ಒಳ್ಳೆಯ ಫೋಟೋ ಬರುತ್ತದೆ, ಹಾರುವ ಹಕ್ಕಿಗೆ ಮಾತ್ರ ಅದು ಕಷ್ಟ. ಬರೀ 70-300 ಇರುವವರು ಒಂಟಿ ಸ್ಟಿಂಟ್ ಹಿಂದೆ ಬೀಳುವ ಬದಲು ಗುಂಪು, ನೀರು, ಬೆಳಗಿನ ಮಂಜು ಎಲ್ಲ ಸೇರಿದ ಚಿತ್ರ ತೆಗೆಯಿರಿ. ಅಂಥ ಚಿತ್ರಗಳೇ ಒಂದು ಕೆರೆಯ ಬಗ್ಗೆ ಜಾಸ್ತಿ ಹೇಳುತ್ತವೆ ಅಂತ ನನ್ನ ಅನಿಸಿಕೆ.

ಶಟರ್ ವೇಗದಲ್ಲಿ ಜಿಪುಣತನ ಬೇಡ. ನಿಂತ ಕೊಕ್ಕರೆಗೆ 1/500 ಸೆಕೆಂಡ್ ಸಾಕು. ಮೇಯುವ ಸ್ಯಾಂಡ್‌ಪೈಪರ್‌ನ ತಲೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಆಡುತ್ತಿರುತ್ತದೆ, ಅದಕ್ಕೆ 1/1250 ಬೇಕೇ ಬೇಕು. ಹಾರುವಾಗ 1/2000ದಿಂದ 1/3200. ಇದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೋ 3200ಕ್ಕೋ ಹೋದರೂ ಚಿಂತೆ ಬೇಡ. ಕಾಳು ಕಾಳಾಗಿ ಬಂದ ಫೋಟೋವನ್ನು ಇವತ್ತಿನ ಸಾಫ್ಟ್‌ವೇರ್ ಸರಿ ಮಾಡುತ್ತದೆ, ಅಲುಗಾಡಿದ ಫೋಟೋವನ್ನು ಮಾಡುವುದಿಲ್ಲ. ಅಪರ್ಚರ್ ಎಫ್ 5.6 ಅಥವಾ 6.3. ಕರ್ಲ್ಯೂ, ಗಾಡ್‌ವಿಟ್‌ನಂಥ ಉದ್ದ ಕೊಕ್ಕಿನ ಹಕ್ಕಿ ಹತ್ತಿರ ಬಂದರೆ ಎಫ್ 8 ಮಾಡಿಕೊಳ್ಳಿ, ಇಲ್ಲದಿದ್ದರೆ ಕಣ್ಣು ಚೂಪಾಗಿ ಬಂದು ಕೊಕ್ಕಿನ ತುದಿ ಮಸುಕಾಗುತ್ತದೆ.

ಎಕ್ಸ್‌ಪೋಷರ್ ವಿಷಯಕ್ಕೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಬಿಳಿ ಹಕ್ಕಿಗಳು ಹಾಳಾಗುವುದು ಇಲ್ಲೇ. ಕಡು ಬಣ್ಣದ ನೀರಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ ಕ್ಯಾಮೆರಾ ಆ ಕಪ್ಪು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಗರಿಯ ವಿವರ ಪೂರ್ತಿ ಸುಟ್ಟುಹೋಗಿ ಬಿಳಿ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಆಗ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ. ಮಂಜು ಕವಿದ ಬೆಳಗ್ಗೆ, ಸುತ್ತಲೂ ಬೆಳ್ಳಗಿರುವಾಗ ಇದರ ಉಲ್ಟಾ, ಕ್ಯಾಮೆರಾ ಎಲ್ಲವನ್ನೂ ಬೂದು ಮಾಡುತ್ತದೆ, ಅಲ್ಲಿ ಮುಕ್ಕಾಲು ಅಥವಾ ಒಂದು ಸ್ಟಾಪ್ ಏರಿಸಬೇಕು. ಪ್ರತಿ ಸಲ ಇದನ್ನು ಮಾಡುತ್ತಾ ಕೂರುವುದು ಕಷ್ಟ ಅನ್ನಿಸಿದರೆ, ಬಿಸಿಲು ಸ್ಥಿರವಾದ ಮೇಲೆ ಪೂರ್ತಿ ಮ್ಯಾನುಯಲ್‌ಗೆ ಹೋಗಿ. ಹತ್ತಿರದ ಒಂದು ಬೆಳ್ಳಕ್ಕಿಯ ಮೇಲೆ ಪರೀಕ್ಷೆ ಮಾಡಿ, ಗರಿಯ ಗೆರೆಗಳು ಕಾಣುವ ಹಾಗೆ ಸೆಟ್ ಮಾಡಿ. ಎಂಟು ಗಂಟೆಯ ಬಿಸಿಲಿಗೆ ಎಫ್ 5.6, ಐಎಸ್‌ಒ 400, 1/1600 ಇಂದ ಶುರು ಮಾಡಬಹುದು. ಆಮೇಲೆ ಹಕ್ಕಿ ಕಪ್ಪು ನೀರಿನ ಮುಂದೆ ಹೋಗಲಿ, ಹೊಳೆಯುವ ನೀರಿನ ಮುಂದೆ ಬರಲಿ, ಅದರ ಮೈಮೇಲಿನ ಬೆಳಕು ಅದೇ ತಾನೇ. ಮೋಡ ಬಂದರೆ ಮಾತ್ರ ಬದಲಾಯಿಸಿ. ಕ್ಯಾಮೆರಾ ತಿದ್ದದೆ ಇಡುವ ರಾ (RAW) ಫೈಲ್‌ನಲ್ಲೇ ತೆಗೆಯಿರಿ.

ಫೋಕಸ್ ಕಂಟಿನ್ಯೂಯಸ್‌ನಲ್ಲಿರಲಿ. ಹಕ್ಕಿಯ ಕಣ್ಣು ಹಿಡಿಯುವ ಹೊಸ ಕ್ಯಾಮೆರಾಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ನಿಂತ ನೀರಿನಲ್ಲಿ ಕೆಲವು ಸಲ ಪ್ರತಿಬಿಂಬದ ಕಣ್ಣನ್ನೇ ಹಿಡಿದುಬಿಡುತ್ತವೆ. ಆಗ ಒಂದೇ ಪಾಯಿಂಟಿಗೆ ಬದಲಾಯಿಸಿ ಕಣ್ಣಿನ ಮೇಲೆ ಇಡಿ. ಪ್ರತಿಬಿಂಬ ಚೆನ್ನಾಗಿದ್ದರೆ ಅದನ್ನು ಅರ್ಧಕ್ಕೆ ಕತ್ತರಿಸಬೇಡಿ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ.

ಯಾವಾಗ ಬಟನ್ ಒತ್ತಬೇಕು ಅನ್ನುವುದನ್ನು ಹಕ್ಕಿಯೇ ಮುಂಚೆ ಹೇಳುತ್ತದೆ. ಸ್ನಾನ ಮಾಡಿದ ಹಕ್ಕಿ ಕೊನೆಗೆ ನೆಟ್ಟಗೆ ನಿಂತು ಅಥವಾ ಸ್ವಲ್ಪ ಹಾರಿ ರೆಕ್ಕೆ ಕೊಡವಿಯೇ ಕೊಡವುತ್ತದೆ, ಸ್ನಾನ ಶುರುವಾದ ಕೂಡಲೇ ಶಟರ್ ವೇಗ ಏರಿಸಿ ಕಾಯಿರಿ. ಒಂದು ಕಾಲಲ್ಲಿ ನಿದ್ದೆ ಮಾಡುತ್ತಿದ್ದದ್ದು ಎದ್ದರೆ ಒಂದು ಕಡೆಯ ರೆಕ್ಕೆ ಮತ್ತು ಕಾಲು ಒಟ್ಟಿಗೆ ಚಾಚುತ್ತದೆ. ಮೈ ಮುಂದಕ್ಕೆ ಬಾಗಿಸಿ, ಹಿಕ್ಕೆ ಹಾಕಿದರೆ ಹಾರಲು ಹೊರಟಿತು ಅಂತಲೇ ತಿಳಿಯಿರಿ. ಹಾರುವಾಗಿನ ಒಂದು ಚಿತ್ರ ಗುರುತು ಹಿಡಿಯುವುದಕ್ಕೂ ಬೇಕು. ಗ್ರೀನ್ ಸ್ಯಾಂಡ್‌ಪೈಪರ್‌ನ ರೆಕ್ಕೆಯ ಅಡಿ ಕಡು ಬಣ್ಣ, ವುಡ್ ಸ್ಯಾಂಡ್‌ಪೈಪರ್‌ದು ತಿಳಿ ಬಣ್ಣ. ಕಾಲಿನ ಬಣ್ಣವೂ ಕಾಣಲಿ: ಲಿಟಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮ್ಮಿಂಕ್ಸ್ ಸ್ಟಿಂಟ್‌ಗೆ ಹಳದಿ ಮಿಶ್ರಿತ ಕಾಲು. ಕಾಲು ನೀರಲ್ಲಿ ಮುಳುಗಿದ ಫೋಟೋ ಇಟ್ಟುಕೊಂಡು ಆಮೇಲೆ ವಾದ ಮಾಡುವುದು ತಪ್ಪುತ್ತದೆ.

ಕರಾವಳಿಯಲ್ಲಿ ಲೆಕ್ಕವೇ ಬೇರೆ

ಅಘನಾಶಿನಿ ಅಳಿವೆಗೆ ಹೋಗುವವರು ಗಡಿಯಾರ ನೋಡಿದರೆ ಸಾಲದು, ಸಮುದ್ರ ನೋಡಬೇಕು. ಕುಮಟಾ ತಾಲ್ಲೂಕಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಅದೇ ವರ್ಷ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಅಘನಾಶಿನಿಯಲ್ಲಿ ಕರ್ಲ್ಯೂ, ವಿಂಬ್ರೆಲ್, ಸ್ಯಾಂಡ್ ಪ್ಲವರ್‌ಗಳಂಥ ಕಡಲ ಅಂಚಿನ ಹಕ್ಕಿಗಳು ಸಿಗುತ್ತವೆ. ನೀರು ಪೂರ್ತಿ ಇಳಿದಾಗ ಕೆಸರು ಬಯಲು ದೂರದವರೆಗೆ ತೆರೆದುಕೊಳ್ಳುತ್ತದೆ, ಹಕ್ಕಿಗಳೂ ದೂರ ಚದುರಿಹೋಗುತ್ತವೆ. ಫೋಟೋಗೆ ಆ ಹೊತ್ತು ಪ್ರಯೋಜನ ಇಲ್ಲ. ನೀರು ಏರಲು ಶುರುವಾದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಹಕ್ಕಿಗಳು ದಡದ ಕಡೆ, ಅಂದರೆ ನಿಮ್ಮ ಕಡೆ ಬರುತ್ತವೆ. ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮುಂಚೆ ದಡದಲ್ಲಿ ಕೂತಿರಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಉಬ್ಬರ ಬೆಳಗಿನ ಬೆಳಕಿಗೆ ಸರಿಹೊಂದುವ ದಿನಗಳನ್ನು ಮೊದಲೇ ಪಟ್ಟಿ ನೋಡಿ ಆರಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು.

ಕೆಸರಿನ ಮಧ್ಯದ ದಿಬ್ಬಕ್ಕೆ ನಡೆದು ಹೋಗಬೇಡಿ. ಹಿಂದಿನಿಂದ ನೀರು ಸುತ್ತುವರಿದರೆ ಕ್ಯಾಮೆರಾ ಮಾತ್ರವಲ್ಲ, ಜೀವಕ್ಕೇ ಅಪಾಯ. ಇಳಿತದ ಹೊತ್ತಲ್ಲಿ ಚಿಪ್ಪು ಆರಿಸಲು ಬರುವ ಹೆಂಗಸರಿಗೆ ಯಾವ ಜಾಗ ಗಟ್ಟಿ, ಯಾವುದು ಹೂಳು ಅಂತ ಚೆನ್ನಾಗಿ ಗೊತ್ತು. ಅವರ ಹೊಟ್ಟೆಪಾಡಿನ ಜಾಗ ಅದು, ಕೇಳದೆ ಅವರ ಫೋಟೋ ತೆಗೆಯಬೇಡಿ. ಎಸಿ ರೂಮಿನಿಂದ ಕ್ಯಾಮೆರಾ ನೇರ ಹೊರಗೆ ತಂದರೆ ಗಾಜು ಮಂಜಾಗುತ್ತದೆ, ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ.

ಹಾರಿಸಬೇಡಿ

ಇದನ್ನು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಗುಂಪು ಹಾರುವ ಚಿತ್ರ ಬೇಕು ಅಂತ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಜೊತೆಗೆ ಬಂದವರನ್ನು ಆ ಕಡೆಯಿಂದ ಓಡಿಸುವುದು, ಡ್ರೋನ್ ಬಿಡುವುದು ಇವೆಲ್ಲ ಈಗ ಜಾಸ್ತಿಯಾಗಿದೆ. ಆ ಸ್ಟಿಂಟ್ ಉತ್ತರ ಧ್ರುವದ ಹತ್ತಿರದ ಟಂಡ್ರಾದಿಂದ ಇಲ್ಲಿಗೆ ಬಂದಿದೆ, ಏಪ್ರಿಲ್‌ನಲ್ಲಿ ವಾಪಸ್ ಹೋಗಬೇಕು. ಆ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಈ ಕೆಸರಿನಲ್ಲೇ, ಒಂದೊಂದು ಹುಳ ಹೆಕ್ಕಿ ಕೂಡಿಸಿಕೊಳ್ಳುತ್ತಿದೆ. ಒಂದು ಸಲ ಹಾರಿಸಿದರೆ ಮೇಯುವ ಹೊತ್ತೂ ಹೋಯಿತು, ತಿಂದದ್ದರಲ್ಲಿ ಸ್ವಲ್ಪವೂ ಹೋಯಿತು. ಒಂದೇ ಬೆಳಗ್ಗೆ ನಾಲ್ಕು ಜನ ಹೀಗೆ ಮಾಡಿದರೆ ಲೆಕ್ಕ ಹಾಕಿ.

ಮೇಯುತ್ತಿದ್ದ ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ಎತ್ತಿದರೆ ನೀವು ಹತ್ತಿರ ಆದಿರಿ ಅಂತ ಅರ್ಥ. ಅಲ್ಲೇ ನಿಲ್ಲಿ. ಮತ್ತೆ ತಲೆ ತಗ್ಗಿಸಿ ಮೇಯುವವರೆಗೆ ಅಲುಗಾಡಬೇಡಿ, ತಗ್ಗಿಸದಿದ್ದರೆ ಹಿಂದೆ ಸರಿಯಿರಿ. ಟಿಟ್ಟಿಭ ಕೂಗಲು ಶುರು ಮಾಡಿತು ಅಂದರೆ ಇಡೀ ಕೆರೆಗೆ ಸುದ್ದಿ ಹೋಯಿತು, ಅದು ಸುಮ್ಮನಾಗುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಮಾರ್ಚ್ ನಂತರ ಟಿಟ್ಟಿಭ ಮತ್ತು ಮೆಟ್ಟುಗಾಲು ಹಕ್ಕಿಗಳು ಒಣಗಿದ ಅಂಗಳದ ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ, ಮೊಟ್ಟೆ ಮಣ್ಣಿನ ಬಣ್ಣವೇ. ಹಕ್ಕಿ ತಲೆ ಮೇಲೆ ಸುತ್ತಿ ಕೂಗುತ್ತಿದ್ದರೆ ಗೂಡು ಹುಡುಕಬೇಡಿ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಕೊಕ್ಕರೆ ಬೆಳ್ಳೂರಿನಂಥ ಊರಲ್ಲಿ ಜನರ ಮನೆ ಪಕ್ಕದ ಮರದಲ್ಲೇ ಬಣ್ಣದ ಕೊಕ್ಕರೆ, ಪೆಲಿಕನ್ ಗೂಡು ಕಟ್ಟುತ್ತವೆ. ಅಲ್ಲಿ ದೂರದಿಂದ, ರಸ್ತೆಯಲ್ಲೇ ನಿಂತು ತೆಗೆದರೂ ಸಾಕಷ್ಟು ಸಿಗುತ್ತದೆ.

ಮನೆಗೆ ಬಂದ ಮೇಲೆ ಫೋಟೋಗಳನ್ನು ಒಂದು ಸಲ ದೊಡ್ಡದು ಮಾಡಿ ಕಾಲು ನೋಡಿ. ಸಂಶೋಧಕರು ಹಾಕಿದ ಬಣ್ಣದ ಪಟ್ಟಿ ಅಥವಾ ಉಂಗುರ ಕಂಡರೆ ಅದರ ಬಣ್ಣ, ಅಕ್ಷರ, ಯಾವ ಕಾಲು, ಜಾಗ, ದಿನಾಂಕ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಹಕ್ಕಿ ಎಲ್ಲಿಂದ ಬಂತು ಅಂತ ತಿಳಿಯುವುದು ಹೀಗೆಯೇ. ನೋಡಿದ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ (eBird) ಅನ್ನುವ ಹಕ್ಕಿ ದಾಖಲೆಯ ವೆಬ್‌ಸೈಟಿಗೆ ಹಾಕಿ. ಆ ಕೆರೆಗೆ ಮುಂದೆ ಮಣ್ಣು ತುಂಬಲು ಯಾರಾದರೂ ಬಂದರೆ ತೋರಿಸಲು ಒಂದು ದಾಖಲೆ ಇರುತ್ತದೆ. ಕರಾವಳಿಗೆ ಹೋಗಿದ್ದರೆ ಅದೇ ದಿನ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ, ಲೆನ್ಸ್ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಉಪ್ಪು ಒಂದು ರಾತ್ರಿ ಕೂತರೂ ಸ್ಕ್ರೂಗಳು ಹಿಡಿದುಕೊಳ್ಳಲು ಶುರುವಾಗುತ್ತವೆ.